ಐವತ್ತು ಓಮ್

ದುರ್ಗಿಗುಡಿಯ ಮಹಡಿಯಲ್ಲಿ, ಮುಚ್ಚಿಹೋದ ನನ್ನ ಟೈಪಿಂಗ್ ಶಾಲೆಯೊಳಗೆ
ಮೂರು ಮುದಿ ಯಂತ್ರಗಳನ್ನು ಮಾತಿಗೆ ಕೂರಿಸಿದ್ದೇವೆ.
ಒಂದಕ್ಕೆ ನಲವತ್ತು ಎಂಬಿಯ ಹೊಟ್ಟೆ,
ಏಳುವಾಗ ಕಾಫಿಪುಡಿ ಮಿಲ್ಲಿನ ಸದ್ದು.
ಒಂದಕ್ಕೆ ಹೊಟ್ಟೆಯೇ ಇಲ್ಲ, ಫ್ಲಾಪಿ ತಿನಿಸಿದಷ್ಟೇ ನೆನಪು.
ಇನ್ನೊಂದು, ಕೀಲಿಮಣೆಯೊಳಗೇ ಮೈಯೆಲ್ಲ ಮಡಚಿಟ್ಟುಕೊಂಡು
ಟಿವಿಯನ್ನು ಮುಖ ಮಾಡಿಕೊಂಡದ್ದು,
ಕ್ಯಾಸೆಟ್ಟಿನ ಕೀರಲಿನಿಂದ ಪಾಠ ಕಲಿತದ್ದು;
ಮುಬೀನಾ ಅದನ್ನು ಗುಜರಿಯ ತಕ್ಕಡಿಯಿಂದ ಇಳಿಸಿ ತಂದಳು
ಕೆಜಿಗೆ ಇಪ್ಪತ್ತೆರಡರಂತೆ.

ಲಿಗೋರಿಯವರು ತಂದದ್ದು ಕೇಬಲ್ ಟಿವಿ ಕಾಲದ ಸುರುಳಿ.
'ಇದು ಎಪ್ಪತ್ತೈದು ಓಮ್ ಅಂಕಲ್, ಬೇಕಾದ್ದು ಐವತ್ತು'
ಎಂದಳು, ಸೋಲ್ಡರಿನ ಹೊಗೆಗೆ ಕಣ್ಣು ಕಿರಿದು ಮಾಡಿ.
'ಅರ್ಧ ಶಿವಮೊಗ್ಗಕ್ಕೆ ಇದರಲ್ಲೇ ಕ್ರಿಕೆಟ್ ತೋರಿಸಿದ್ದೀನಿ ಮಗಾ!'
ತಂತಿ ಅವರ ಮಾತು ಕೇಳಲಿಲ್ಲ.

ಮಂಗಳವಾರ ಸರಿಯಾದದ್ದು ಬಂತು.
ಆದರೂ ಏನೂ ಇಲ್ಲ.
ತುದಿಗೊಂದು ಬಿರಡೆ ಬೇಕಂತೆ, ಎರಡೂ ತುದಿಗೆ,
ಹೆಬ್ಬೆಟ್ಟಿನ ಗಾತ್ರದ್ದು, ಒಳಗೊಂದು ರೆಸಿಸ್ಟರು, ಅಷ್ಟೇ.
ಅದರ ಕೆಲಸ ಬಂದದ್ದನ್ನು ನುಂಗಿ ಸುಮ್ಮನಿರುವುದು.
ಅದಿಲ್ಲದಿದ್ದರೆ ಹೋದ ಮಾತು ತುದಿಗೆ ಬಡಿದು ತಿರುಗಿ
ಹಿಂದೆ ಬರುತ್ತಿರುವ ಮಾತಿಗೇ ಡಿಕ್ಕಿ ಹೊಡೆಯುತ್ತದಂತೆ.
ನಮ್ಮ ಮನೆಯಲ್ಲೂ ಅಂಥವರೊಬ್ಬರಿದ್ದರು, ಸೋದರತ್ತೆ.
ಹೋದಮೇಲೆ ತಿಳಿಯಿತು.

ಬಿರಡೆ ತಿರುಪಿದ್ದೇ ಹಸಿರು ದೀಪ ಮಿಣಕ್ಕೆಂದಿತು.
ನನ್ನ ಪರದೆಯ ಮೇಲೆ ಲಿಗೋರಿಯವರ ಕಡತಗಳು ಸಾಲಾಗಿ,
ಹೆಸರಿಗೆ ಎಂಟೇ ಇಂಗ್ಲಿಷ್ ಅಕ್ಷರದ ಜಾಗ;
ನಮ್ಮ ಬಡಾವಣೆಯೂ ಕೊನೆಯ ಇಕಾರ ಹಿಡಿಸದೆ
'ದುರ್ಗಿಗುಡ್' ಎಂದೇ ನಿಂತಿದೆ.

ತೆರೆದೆ. ತೊಂಬತ್ಮೂರರ ಕೇಬಲ್ ವಸೂಲಿ ಪಟ್ಟಿ.
ಮೂಲೆಯ ಕ್ಲಿನಿಕ್ಕು, ಹಿಂದಿನ ಬೀದಿಯ ವಕೀಲರು,
ಹೊಲಿಗೆಯ ಫಿಲೋಮಿನಾ. ತೀರಿಹೋದವರೆಲ್ಲ
ತಿಂಗಳಿಗೆ ಅರವತ್ತರಂತೆ ಕಟ್ಟುತ್ತಲೇ ಇದ್ದಾರೆ.
ಹದಿನೇಳನೆಯ ಸಾಲಿನಲ್ಲಿ ನಾನು:
ಟೈಪಿಂಗ್ ಟೀಚರ್, ಎರಡು ತಿಂಗಳು, ಬಾಕಿ ನೂರಿಪ್ಪತ್ತು.

ಪರ್ಸು ತೆಗೆದು ಮೇಜಿನ ಮೇಲಿಟ್ಟೆ.
ಬಾಕಿಯನ್ನು ಅಳಿಸಿ ಸೊನ್ನೆ ಒತ್ತಿದೆ.
ಯಂತ್ರ ಒಪ್ಪಲಿಲ್ಲ: ಓದಬಹುದು, ತಿದ್ದುವಂತಿಲ್ಲ.
ಹಂಚಿಕೊಂಡದ್ದು ಅಷ್ಟು ಮಾತ್ರ.
ಮುಬೀನಾ ನಕ್ಕಳು. ಲಿಗೋರಿಯವರು ನೋಟು ಎಣಿಸಿ
ಜೇಬಿಗಿಟ್ಟರೇ ಹೊರತು
ತಮ್ಮ ಕೀಲಿಮಣೆಯ ಕಡೆ ಕೈ ಚಾಚಲಿಲ್ಲ.

ಅತ್ತ ಟಿವಿ ಮುಖದ್ದು ಅದೇ ಪಟ್ಟಿಯನ್ನು
ಸೀರಿಯಲ್ ತಂತಿಯಲ್ಲಿ ಒಂದೊಂದೇ ಅಕ್ಷರ ಗುಟುಕರಿಸುತ್ತ
ಇನ್ನೂ ಒಂಬತ್ತನೆಯ ಸಾಲಿನಲ್ಲಿತ್ತು.