ಇನ್ನೊಂದು ಸೊನ್ನೆ

ಡೇಟನ್ನಿನ ಅಂಚಿಗೆ, ಟೈರ್ ಅಂಗಡಿಯ ಬೆನ್ನಿಗೆ
ಕಿಟಕಿಯಿಲ್ಲದ ಕೋಣೆ. ನನ್ನ ಕೆಲಸ ಅಂಕ ಹಾಕುವುದು,
ಮಕ್ಕಳಿಗಲ್ಲ, ಎಲ್ಲೂ ಇಲ್ಲದ ಪ್ರಾಣಿಗಳ ಕಾರ್ಡುಗಳಿಗೆ.
ಭೂತಗನ್ನಡಿಯಡಿ ನಾಲ್ಕು ಮೂಲೆ, ನಾಲ್ಕು ಅಂಚು,
ಬೆನ್ನಿನ ಬಣ್ಣ, ಚಿತ್ರ ನಟ್ಟನಡುವೆ ಕೂತಿದೆಯೋ ಇಲ್ಲವೋ.
ಒಂಬತ್ತು. ಒಂಬತ್ತು. ಎಂಟೂವರೆ.
ಹತ್ತು ಬರುವುದು ಯಾರೂ ಆಡದ ಕಾರ್ಡಿಗೆ,
ಪೊಟ್ಟಣ ಬಿಟ್ಟು ನೇರ ಪ್ಲಾಸ್ಟಿಕ್ಕಿಗೆ ಹೋದದ್ದಕ್ಕೆ.

ಹೆಸರೆಲ್ಲ ಇಂಗ್ಲಿಷಿನವು. ಬಾಯೊಳಗೇ ನಾನು ಬೇರೆ ಹೆಸರಿಡುತ್ತೇನೆ:
ಉಪ್ಪುಮೊಲ, ಕತ್ತಲೆ ಮೇಯುವ ಎಮ್ಮೆ,
ತನ್ನ ನೆರಳನ್ನೇ ಮೊಟ್ಟೆಯಾಗಿ ಇಡುವ ಗೀಜಗ.
ಒಂದಕ್ಕೆ ಎದುರಾಳಿಯ ನಿದ್ದೆ ಕದಿಯುವ ಕಸುಬು,
ಇನ್ನೊಂದು ಸತ್ತರೂ ಒಂದು ಸರದಿ ತಡವಾಗಿ ಸಾಯುತ್ತದೆ.
ಎಲ್ಲದರ ಅಡಿಗೂ ಸಣ್ಣಕ್ಷರದಲ್ಲಿ ಅದರದರ ದೌರ್ಬಲ್ಯ,
ಹಿಂದೆ ಸರಿಯಬೇಕಾದರೆ ತೆರಬೇಕಾದ ಬೆಲೆ.
ಪರವಾಗಿಲ್ಲ, ಇಲ್ಲಿ ಮೊದಲೇ ಹೇಳಿಬಿಡುತ್ತಾರೆ.

ಕೈಗವಸು, ಚಿಮುಟ. ಉಸಿರೂ ತಾಗಬಾರದು.
ವೆಂಡೆಲ್ ಇದಕ್ಕೆ ಏನೇನೋ ಹೆಸರು ಹೇಳುತ್ತಾನೆ,
ನನಗೆ ಗೊತ್ತಿರುವ ಹೆಸರು ಮಡಿ.

ನಾವು ಮಡಿವಾಳರು. ಹೊಳೆಯ ಕಲ್ಲಿಗೆ ಬಡಿದು
ಹಾಲಿನ ಹಾಗೆ ಒಗೆದು ಕೊಟ್ಟದ್ದನ್ನು
ಆ ಮನೆಯಾಕೆ ಮತ್ತೆ ಬಾವಿ ನೀರಿನಲ್ಲಿ ಅದ್ದಿ
ಕೋಲಿನಿಂದೆತ್ತಿ ಗಳುವಿಗೆ ಹಾಕುತ್ತಿದ್ದಳು.
ಹಿತ್ತಿಲಲ್ಲಿ ನಿಂತು ನಾನು ನೋಡುತ್ತಿದ್ದೆ,
ಎಷ್ಟು ಚಂದ ತಿರುಗುತ್ತಿತ್ತು ಆ ಕೋಲು!
ಈಗ ನನ್ನ ಚಿಮುಟವೂ ಹಾಗೇ ತಿರುಗುತ್ತದೆ.

ಇವತ್ತು ಮನ್ಸಿಯಿಂದ ಒಂದು ಲಕೋಟೆ. ಒಂದೇ ಕಾರ್ಡು.
ಸಿಡಿಲಗಪ್ಪೆ. ತೀರಾ ಅಗ್ಗದ್ದು, ಪೊಟ್ಟಣಕ್ಕೆ ಮೂರು ಸಿಗುವಂಥದ್ದು.
ಶಕ್ತಿ: ಸರದಿಗೊಮ್ಮೆ ಗುಡುಗಬಹುದು. ಮಳೆ ಖಾತ್ರಿಯಿಲ್ಲ.
ಒಂದು ಮೂಲೆ ಹಲ್ಲಿಗೆ ಸಿಕ್ಕು ನಾರಾಗಿದೆ,
ನಡುವೆ ಜೇಬಿನಲ್ಲಿ ಮಡಿಚಿದ ಗೆರೆ, ಬೆನ್ನಿಗೆ ಜಾಮು.
ಎಂಜಲಾದ ಕಾರ್ಡು.
ಜೀವಬಲ ನಲವತ್ತು ಎಂದಿದ್ದಲ್ಲಿ
ನೀಲಿ ಬಾಲ್‌ಪೆನ್ನಿನಲ್ಲಿ, ಒತ್ತಿ ಒತ್ತಿ, ಇನ್ನೊಂದು ಸೊನ್ನೆ.
ಸ್ವಲ್ಪ ಓರೆ. ಆಚೆ ಬದಿಗೂ ಉಬ್ಬಿದೆ.

ಜೊತೆಗೊಂದು ಚೀಟಿ: ಅಂಕ ಬೇಡ, ಮುಚ್ಚಿ ಕೊಟ್ಟರೆ ಸಾಕು.
ಲೊರೆಟಾ ಪಿಂಕ್ನಿ. ಮತ್ತೇನಿಲ್ಲ.
ನಾನೂ ಊಹಿಸಲು ಹೋಗಲಿಲ್ಲ. ಆ ಹುಡುಗ, ಹುಡುಗಿಯೋ,
ಈಗೆಲ್ಲೋ ಲಾರಿ ಓಡಿಸುತ್ತಿರಬಹುದು.
ವೆಂಡೆಲ್ ಇಣುಕಿ ನೋಡಿದ: ತಿದ್ದಿದ್ದು ಅಂತ ಬರೆ,
ಬೇರೆ ನಿಯಮವಿಲ್ಲ ಇದಕ್ಕೆ.

ಅಪ್ಪ ಕರಿಗೇರಿನ ಎಣ್ಣೆಯಲ್ಲಿ ಕಡ್ಡಿ ಅದ್ದಿ
ಬಟ್ಟೆಬಟ್ಟೆಯ ಮೂಲೆಗೊಂದು ಗುರುತಿಡುತ್ತಿದ್ದ.
ಶಾನುಭೋಗರಿಗೆ ಎರಡು ಚುಕ್ಕಿ, ಡಾಕ್ಟರಿಗೆ ಕೊಕ್ಕೆ,
ಮೇಷ್ಟ್ರಿಗೆ, ಯಾಕೋ, ಸೊನ್ನೆ.
ನೂರು ಸಲ ಒಗೆದರೂ ಹೋಗುತ್ತಿರಲಿಲ್ಲ.
ಪಂಚೆ ಹರಿದು ಒರಸುಬಟ್ಟೆಯಾದ ಮೇಲೂ
ಗೊತ್ತಾಗುತ್ತಿತ್ತು, ಇದು ಯಾರ ಮನೆಯದೆಂದು.

ಕೈಗವಸು ಕಳಚಲಿಲ್ಲ ನಾನು. ಮೇಲೆ ಕ್ಯಾಮೆರಾ, ತಿಂಗಳ ಬಾಡಿಗೆ.
ಚಿಮುಟದಿಂದಲೇ ಎತ್ತಿದೆ ಕಪ್ಪೆಯನ್ನು.
ಅಚ್ಚಾಯಿತು ಪಟ್ಟಿ: ತಿದ್ದಿದ್ದು.
ಯಂತ್ರ ಗುಂಯ್ ಎಂದು ಅಂಚು ಬೆಸೆಯಿತು,
ಹಲ್ಲಿನ ಗುರುತು ಒಳಗುಳಿಯಿತು. ಜಾಮೂ.

ಮುಂದಿನ ಡಬ್ಬಿಯಲ್ಲಿ ಮುನ್ನೂರು. ಎಲ್ಲ ಥಳಥಳ.
ಒಂಬತ್ತು. ಒಂಬತ್ತೂವರೆ. ಹತ್ತು.
ಯಾರ ಮನೆಯವೆಂದು ಹೇಳಲು ಬರುವುದಿಲ್ಲ.