ಫಾರಂ ತುಂಬುವ ಮೇಜು

ಗೋಣಿಕೊಪ್ಪದ ಶಾಲೆಯ ಎರಡನೇ ಕೋಣೆ.
ಕರಿಹಲಗೆಯಲ್ಲಿ ಇನ್ನೂ ಅಳಿಸದ ಭಿನ್ನರಾಶಿ,
ಅದರ ಕೆಳಗೆ ನನ್ನ ಮೇಜು, ಪೆನ್ನು, ತೂಕದ ಯಂತ್ರ.
ರಕ್ತ ತೆಗೆಯುವವಳಲ್ಲ ನಾನು,
ಕೇಳುವವಳು:
ವಯಸ್ಸೆಷ್ಟು? ತೂಕವೆಷ್ಟು? ಬೆಳಿಗ್ಗೆ ತಿಂದಿರಾ?
ಕೊನೆಗೊಂದು, ತಲೆಯೆತ್ತಿ ಮುಖ ನೋಡಿಯೇ ಕೇಳಬೇಕಾದ್ದು:
ಯಾರ ಬಲವಂತವೂ ಇಲ್ಲ ತಾನೆ?

ಮೊಣ್ಣಪ್ಪನವರು ಮನೆಯಿಂದಲೇ
ತೋಳು ಮಡಚಿಕೊಂಡು ಬಂದಿದ್ದರು.
ಆಧಾರಿನಲ್ಲಿ ಜೂನ್ ಒಂದು, ಅರವತ್ತಾರು ತುಂಬಿದೆ.
"ಅದು ಹೆಡ್‌ಮಾಸ್ಟರ ಜೂನ್ ಒಂದು," ಅಂದರು.
"ನಾನು ಹುಟ್ಟಿದ್ದು ಕೈಲ್‌ಪೊಳ್ದ್ ಕಳೆದ ವಾರ.
ಅಂಗಳದಲ್ಲಿ ಒಂದು ಗುಂಡು ಹಾರಿತ್ತಂತೆ,
ಕೇಳಿದವರು ಯಾರೂ ಈಗಿಲ್ಲ.
ಹದಿನೈದರವನನ್ನು ಹದಿನೇಳು ಮಾಡಿ ಬರೆದುಕೊಟ್ಟರು,
ಪಟಾಲಮ್ಮು ಸೇರಲಿ ಅಂತ."

ಆ ಎರಡು ಸುಳ್ಳು ವರ್ಷಗಳ ಬಲದಲ್ಲೇ
ಪಠಾಣ್‌ಕೋಟಿನ ಆಸ್ಪತ್ರೆಯಲ್ಲಿ ಮೊದಲ ಸಲ
ತೋಳು ಚಾಚಿ ಮಲಗಿದ್ದರಂತೆ.
ಪಕ್ಕದ ಮಂಚದವನ ಹೆಸರು ಕೇಳಲಿಲ್ಲ.
ಬದುಕಿದನೇ, ಅದೂ ಗೊತ್ತಿಲ್ಲ.

"ಅರವತ್ತೈದಕ್ಕೆ ನಿಲ್ಲಿಸಬೇಕು, ನಿಯಮ."
"ನನಗಿನ್ನೂ ಅರವತ್ತನಾಲ್ಕು."
"ಕಾಗದಕ್ಕೆ ಅರವತ್ತಾರು."
ನಕ್ಕರು. "ಮುಂಗಡ ತೆಗೆದುಕೊಂಡಿದ್ದೆ.
ಈಗ ಮುರಿದುಕೊಂಡಿರಿ."

ಹಿಂದೆಯೇ ಫಸೀಲಾ, ಸಿದ್ದಾಪುರದ ಹುಡುಗಿ.
ಇವಳದು ನಿಮಿಷದ ತನಕ ಲೆಕ್ಕ:
ಮಡಿಕೇರಿ ಆಸ್ಪತ್ರೆ, ನಸುಕಿನ ನಾಲ್ಕು ಗಂಟೆ ಹತ್ತು ನಿಮಿಷ.
ಆವತ್ತು ಇವಳ ಉಮ್ಮನಿಗೆ ಮೂರು ಬಾಟಲಿ ಹೋಗಿತ್ತು.
ಯಾರದೋ.
ಹದಿನೆಂಟಕ್ಕೆ ಇನ್ನು ಮೂವತ್ತೆಂಟು ದಿನ.
ನೋಟ್‌ಬುಕ್ಕಿನ ಹಾಳೆಯಲ್ಲಿ ಉಪ್ಪನ ಸಹಿ ತಂದಿದ್ದಾಳೆ:
ನನ್ನ ಮಗಳು ರಕ್ತ ಕೊಡಲು ನನ್ನ ಒಪ್ಪಿಗೆ ಇದೆ.

ಪ್ರವಾಸಕ್ಕೆ ಆ ಸಹಿ ಸಾಕು, ಹಾಸ್ಟೆಲಿಗೆ ಸಾಕು.
"ಈ ಫಾರಮ್ಮಿನಲ್ಲಿ ಪೋಷಕರಿಗೆ ಗೆರೆಯೇ ಇಲ್ಲ ಮಗಳೇ.
ನಿನ್ನ ಪರವಾಗಿ ಯಾರೂ ಹೂಂ ಅನ್ನುವಂತಿಲ್ಲ."
ಹಾಳೆ ಮಡಚಿದಳು. ಮಡಚುತ್ತಾ ಕೇಳಿದಳು:
"ಆಮೇಲೆ, ಹದಿನೆಂಟಾದ ಮೇಲೆ,
ಉಪ್ಪ ಬೇಡ ಅಂದರೆ?"
ಪೆನ್ನಿನ ಮುಚ್ಚಳ ಹಾಕಿದೆ, ತೆಗೆದೆ.
"ಆಗಲೂ ಗೆರೆ ಇಲ್ಲ."

ಇಬ್ಬರೂ ಹೊರಗಿನ ಬೆಂಚಿನಲ್ಲಿ ಕೂತರು.
ಕೊಟ್ಟವರಿಗೆಂದು ಇಟ್ಟ ಗ್ಲುಕೋಸ್ ಬಿಸ್ಕತ್ತು
ನಾನೇ ಒಯ್ದು ಕೊಟ್ಟೆ;
ಸಂಜೆ ಲೆಕ್ಕಕ್ಕೆ ಎರಡು ಪೊಟ್ಟಣ ಕಡಿಮೆ ಬೀಳುತ್ತದೆ, ಬೀಳಲಿ.
ಮುಂದಿನ ಶಿಬಿರ ಎಲ್ಲಿ, ಅವಳು ಕೇಳುತ್ತಿದ್ದಳು.
ಪೊನ್ನಂಪೇಟೆ, ತಿಂಗಳ ಕೊನೆಗಲ್ಲ, ಅದರ ಮುಂದಿನದಕ್ಕೆ ಬಾ.
ತೂಕ ಎಷ್ಟು ನಿನ್ನದು?
ನಲವತ್ತಾರು.
ಸಾಲದು, ಇನ್ನೆರಡು ರೊಟ್ಟಿ ಜಾಸ್ತಿ ತಿನ್ನು, ಅಂದರು,
ತುಂಡು ಬಿಸ್ಕತ್ತು ಅವಳ ಕಡೆ ತಳ್ಳಿ.

ಆಮೇಲೆ ಬಸ್ ನಿಲ್ದಾಣದ ಕಡೆ ಇಳಿದು ಹೋದರು.
ಮಡಚಿದ ತೋಳು
ಇಳಿಸಿರಲಿಲ್ಲ.