ಎರಡನೆಯ ಬೆಳಿಗ್ಗೆ

ಮೊದಲ ದಿನ ಯಾರು ಬೇಕಾದರೂ ತುಳೀತಾರೆ ತಾಯಿ,
ಅಂದಿದ್ದರು ಡಿಪೋ ಮೆಕ್ಯಾನಿಕ್ ಮುನವ್ವರ್ ಸಾಬ್ರು
ನನ್ನ ಚೈನಿಗೆ ಎಣ್ಣೆ ಬಿಡುತ್ತ.
ಎರಡನೇ ದಿನ ಬೆಳಿಗ್ಗೆ ಸೀಟಿನ ಮೇಲೆ ಕೂತು ನೋಡು,
ಆಗ ಗೊತ್ತಾಯ್ತದೆ
ಕನ್ಯಾಕುಮಾರಿ ಎಷ್ಟು ದೂರ ಅಂತ.

ಅದಕ್ಕೇ ಶನಿವಾರ ಮೇಲುಕೋಟೆ,
ಭಾನುವಾರ ಮತ್ತೆ ಮೇಲುಕೋಟೆ.
ಈ ಎರಡು ದಿನಕ್ಕೆ ಬದಲಾಗಿ ಶಶಿರೇಖಳ
ಎರಡು ನೈಟ್ ಹಾಲ್ಟ್ ನಾನು ಹೊತ್ತಿದ್ದೇನೆ.

ಈ ರೂಟು ನನ್ನದೇ. ಹದಿಮೂರು ವರ್ಷ.
ಹೊಳಲು, ಶಿವಳ್ಳಿ, ದುದ್ದ, ಜಕ್ಕನಹಳ್ಳಿ.
ಕಣ್ಣು ಮುಚ್ಚಿ ಹೇಳಬಲ್ಲೆ ಯಾವ ಸ್ಟೇಜಿಗೆ ಎಷ್ಟು,
ಯಾರ ಮಗ ಪಾಸು ಮರೆತೆ ಅನ್ನುತ್ತಾನೆ,
ಯಾವ ಅಜ್ಜಿಯ ಕೈಚೀಲದಲ್ಲಿ ಹುಂಜ ಉಸಿರಾಡುತ್ತಿದೆ.
ದುದ್ದ ದಾಟಿದ ಮೇಲೆ ರಸ್ತೆ ಏರುತ್ತದೆ ಎಂದು ಮಾತ್ರ
ಯಾರೂ ಹೇಳಿರಲಿಲ್ಲ.
ಬಸ್ಸು ಹೇಳಿತ್ತೇನೋ, ಗೇರು ಇಳಿಸುವಾಗ ಗೊರಗುಟ್ಟಿ.
ಆಗ ನಾನು ಚಿಲ್ಲರೆ ಎಣಿಸುತ್ತಿದ್ದೆ.

ಶನಿವಾರ ಹುಮ್ಮಸ್ಸು.
ಕಬ್ಬಿನ ಟ್ರ್ಯಾಕ್ಟರನ್ನೇ ಹಿಂದೆ ಹಾಕಿದೆ,
ಟ್ಯೂಷನ್ನಿಗೆ ಹೊರಟ ಹುಡುಗರ ಜೊತೆ ಪೈಪೋಟಿಗೆ ಬಿದ್ದೆ.
ಶಿವಳ್ಳಿಗೇ ಒಂದು ಬಾಟಲಿ ನೀರು ಖಾಲಿ.
ಇಷ್ಟು ವರ್ಷ ಚೀಲ ಹೊತ್ತವಳಿಗೆ ತಿಳಿಯಬೇಡವೆ?
ಮೊದಲ ಟ್ರಿಪ್ಪಿಗೇ ಚಿಲ್ಲರೆ ಎಲ್ಲ ಕೊಟ್ಟುಬಿಟ್ಟ ಕಂಡಕ್ಟರು
ಸಂಜೆತನಕ ಬೈಸಿಕೊಳ್ಳಬೇಕು.
ಹಾಗೂ ಹೀಗೂ ಬೆಟ್ಟ ಹತ್ತಿದೆ.
ಪುಳಿಯೋಗರೆಗೆ ಬಂದ ಕಾರುಗಳ ನಡುವೆ ನಿಂತು
ಮಗಳಿಗೆ ಫೋಟೋ ಕಳಿಸಿದೆ.
ಅವಳು ಕೇಳಿದ್ದು ಒಂದೇ: ಮುಖ ಯಾಕಮ್ಮಾ ಹಂಗಿದೆ?

ಭಾನುವಾರ, ನಾಲ್ಕೂವರೆ.
ಮಂಚದಿಂದ ಇಳಿಯುವುದೇ ಒಂದು ಘಾಟಿ.
ಗಾಯ ಎಲ್ಲಿದೆ ಎಂದು ನಾಲ್ಕು ಜನರಲ್ಲಿ ಹೇಳುವಂತಿಲ್ಲ,
ಕೊಬ್ಬರಿ ಎಣ್ಣೆಯ ಬಾಟಲಿಗೆ ಗೊತ್ತು.
ಮೆಟ್ಟಿಲನ್ನು ಅಡ್ಡಡ್ಡ ಇಳಿದೆ, ಏಡಿಯ ಹಾಗೆ.
ಕತ್ತಲಲ್ಲಿ ಕಾಲೆತ್ತಿ ಸೀಟಿಗೆ ಕೂತಾಗ
ಬಾಯಿಂದ ಬಂದ ಮಾತು ನಮ್ಮಪ್ಪ ಎತ್ತಿಗೆ ಆಡುತ್ತಿದ್ದದ್ದು.

ಯಾಕೆ ಬೇಕಿತ್ತು ಇದೆಲ್ಲ ಎಂದು ಕೇಳಿದವರುಂಟು.
ವೇಬಿಲ್ಲಿನ ಲೆಕ್ಕದಲ್ಲಿ ಭೂಮಿಯನ್ನು ಎಷ್ಟು ಸುತ್ತು ಬಂದಿದ್ದೇನೋ,
ಪ್ರತಿ ರಾತ್ರಿಯೂ ಸಿಕ್ಕಿದ್ದು ಮಂಡ್ಯವೇ.
ಐದು ದಿನ, ದಿನಕ್ಕೆ ನೂರಿಪ್ಪತ್ತು,
ಬೋರ್ಡಿನಲ್ಲಿ ಇಲ್ಲದ ಊರಿಗೆ.
ಇಷ್ಟೇ. ಇದಕ್ಕಿಂತ ದೊಡ್ಡ ಉತ್ತರ ನನ್ನಲ್ಲಿಲ್ಲ.

ನಿಧಾನ. ನಾಟಿ ಹಾಕುವವರ ನಿಧಾನ.
ಒಂದು ಮೈಲಿಗಲ್ಲಿಗೆ ಒಂದು ಗುಟುಕು,
ಜೇಬಿನ ಬೆಲ್ಲ ಬೆವರಿಗೆ ಕರಗಿ ಬಟ್ಟೆಗೆ ಅಂಟಿ,
ಇರುವೆಯೊಂದು ದುದ್ದದಿಂದ ಟಿಕೆಟ್ಟಿಲ್ಲದೆ ಜೊತೆಗೆ.
ಘಾಟಿಯ ಬುಡದಲ್ಲಿ ತೊಡೆ ನಿಂತೇ ಹೋಯಿತು.
ಇಳಿದು ತಳ್ಳತೊಡಗಿದೆ.

ಆಗಲೇ ಬಂತು ಹಿಂದಿನಿಂದ, ಸದ್ದಿನಲ್ಲೇ ಗುರುತು,
ನನ್ನದೇ ಬಸ್ಸು.
ಡ್ರೈವರ್ ಚಿಕ್ಕಬೋರಯ್ಯ ಪಕ್ಕಕ್ಕೆ ತಂದು ನಿಲ್ಲಿಸಿ,
ಹತ್ಕಳಿ ಕಂಡಕ್ಟ್ರಮ್ಮ, ಸೈಕಲ್ ಮೇಲಕ್ ಹಾಕುಸ್ತೀನಿ,
ಹೆಂಗಿದ್ರೂ ಹೆಂಗುಸ್ರಿಗೆ ಫ್ರೀ.
ಕಿಟಕಿಗಳೆಲ್ಲ ನನ್ನ ಕಡೆಗೇ.
ಹುಂಜದ ಅಜ್ಜಿಯೂ ಇದ್ದಳು, ಚೀಲವಿಲ್ಲದೆ.

ಹತ್ತುವ ಆಸೆ ಇರಲಿಲ್ಲ ಎಂದರೆ ಸುಳ್ಳು.
ನಾಯಿ ಬಂದರೆ ಇರಲಿ ಎಂದು ಕೊರಳಿಗೆ ಹಾಕಿದ್ದ ಸೀಟಿ
ಯಾವಾಗ ತುಟಿಗೆ ಬಂತೋ,
ಎರಡು ಸಲ ಊದಿದೆ.
ಹದಿಮೂರು ವರ್ಷದ ಅಭ್ಯಾಸ, ಅವನಿಗೂ ನನಗೂ.
ಬಸ್ಸು ಹೊರಟೇಬಿಟ್ಟಿತು.

ತಳ್ಳುತ್ತ ಮೇಲೆ ಹೋದೆನೆ, ಅರ್ಧಕ್ಕೇ ಹಿಂತಿರುಗಿದೆನೆ,
ಮುನವ್ವರ್ ಸಾಬ್ರಿಗೆ ಮಾತ್ರ ಹೇಳಿದ್ದೇನೆ.

ಸೋಮವಾರ ಐದು ನಲವತ್ತರ ಶೆಡ್ಯೂಲು.
ದುದ್ದ ದಾಟಿತು. ಗೇರು ಇಳಿಯಿತು. ಬಸ್ಸು ಗೊರಗುಟ್ಟಿತು.
ಕಂಬಿ ಹಿಡಿದು ನಿಂತಿದ್ದೆ.
ಚಿಲ್ಲರೆಗೆ ಕೈಯೊಡ್ಡಿದ್ದ ಹುಡುಗ ಕಾದೂ ಕಾದೂ ಕೇಳಿದ:
ಯಾಕಕ್ಕಾ, ಉಸಿರು ಹಿಡ್ಕಂಡಿದ್ದೀಯ?